ಯುದ್ಧಚಿತ್ರವಾಗಿ ಗೆಲ್ಲುವ ವೈಜ್ಞಾನಿಕ ಕಾಲ್ಪನಿಕ ಚಿತ್ರ ಯಾವುದು?

ಯುದ್ಧಚಿತ್ರವೆಂದು ಅಳೆದರೆ 1986ರ ‘ಏಲಿಯನ್ಸ್’ಗೇ ನನ್ನ ಮೊದಲ ಸ್ಥಾನ. ಅದರಲ್ಲಿ ಅನ್ಯಗ್ರಹ ಜೀವಿಗಳ ಎದುರು ಸೈನಿಕ ತುಕಡಿ ಸೋಲುವುದು ಶತ್ರುಬಲದಿಂದಷ್ಟೇ ಅಲ್ಲ. ಅನುಭವವಿಲ್ಲದ ಲೆಫ್ಟಿನೆಂಟ್ ಗೋರ್ಮನ್ ಕವಚವಾಹನದೊಳಗೆ ಕುಳಿತು, ಹೆಲ್ಮೆಟ್ ಕ್ಯಾಮೆರಾಗಳ ದೃಶ್ಯ ನೋಡುತ್ತಲೇ ಆದೇಶ ಕೊಡುತ್ತಾನೆ. ರಿಯಾಕ್ಟರಿನ ಶೀತಲೀಕರಣ ವ್ಯವಸ್ಥೆಗೆ ಗುಂಡು ತಗುಲೀತೆಂದು ಒಳಹೊಕ್ಕ ಸೈನಿಕರಿಂದ ಗುಂಡು ತುಂಬಿದ ಮ್ಯಾಗಜೀನ್‌ಗಳನ್ನೇ ವಾಪಸ್ ಪಡೆಸುತ್ತಾನೆ. ದಾಳಿ ಶುರುವಾದಾಗ ಅವನಿಗೆ ಮಾತೇ ಹೊರಡುವುದಿಲ್ಲ. ಆಜ್ಞಾಸರಣಿ ಕುಸಿಯುವ ಬಗೆಯನ್ನು ಇಷ್ಟು ನಿಖರವಾಗಿ ತೋರಿಸಿದ ಚಿತ್ರಗಳು ವಿರಳ.

1997ರ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಯುದ್ಧಪ್ರಚಾರದ ವಿಡಂಬನೆಯಾಗಿ ಹರಿತ, ರಣತಂತ್ರದಲ್ಲಿ ದುರ್ಬಲ: ಟ್ಯಾಂಕು, ಫಿರಂಗಿಗಳ ಬೆಂಬಲವಿಲ್ಲದೆ ಕಾಲಾಳುಗಳು ಗುಂಪುಗುಂಪಾಗಿ ನುಗ್ಗುತ್ತಾರೆ.

2014ರ ‘ಎಡ್ಜ್ ಆಫ್ ಟುಮಾರೊ’ದ ಫ್ರಾನ್ಸ್ ಕಡಲತೀರದ ಕಾಳಗ ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯನ್ನು ನೆನಪಿಸುತ್ತದೆ; ಗೊಂದಲ, ಗಾಬರಿ ಎರಡೂ ನಿಜವೆನಿಸುತ್ತವೆ. ಆದರೆ ನಾಯಕ ಸತ್ತಾಗಲೆಲ್ಲ ಅದೇ ದಿನ ಮರುಕಳಿಸುತ್ತ ಹೋದಂತೆ ಸಾವಿನ ಭಾರ ಇಳಿದುಬಿಡುತ್ತದೆ.