ಹಳೆ .44 ಮ್ಯಾಗ್ನಮ್ ಬ್ಯಾರೆಲ್ ಹಾಳಾಗಿದ್ದು ಹೀಗೆ: ಸೀಸದ ಗುಂಡು ಎರಕ ಹೊಯ್ಯುವವರಿಗೆ ಎಚ್ಚರಿಕೆ

ಟೆಕ್ಸಾಸಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಯಿಸಿದ ಒಂದು ರೂಗರ್ ಸೂಪರ್ ಬ್ಲ್ಯಾಕ್‌ಹಾಕ್ ರಿವಾಲ್ವರಿನ ಕಥೆ ಇದು. 1960ರ ದಶಕದ್ದು, .44 ಮ್ಯಾಗ್ನಮ್ ಎಂಬ ಬಲವಾದ ತೋಟಾ ಹಾರಿಸುವಂಥದ್ದು, ಏಳೂವರೆ ಇಂಚಿನ ಬ್ಯಾರೆಲ್, ಹೊರಮೈಯ ನೀಲಿ ಹೊಳಪು ಇನ್ನೂ ಹೊಸದರಂತೆಯೇ ಇದೆ. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕರುಳು ಕಿವುಚುತ್ತದೆ: ಹಿಂತುದಿಯಿಂದ ಎರಡು ಇಂಚಿನವರೆಗೆ, ಗುಂಡನ್ನು ತಿರುಗಿಸುವ ಸುರುಳಿ ತೋಡುಗಳ ಅಂಚು ತಿಂದುಹೋಗಿ, ಸಿಡುಬಿನ ಕಲೆಯಂಥ ಗುಳಿಗಳು ಬಿದ್ದಿವೆ. ಸಾವಿರಾರು ಗುಂಡು ಹಾರಿಸಿ ಹೀಗಾಗಿದ್ದಲ್ಲ. ಮನೆಯಲ್ಲೇ ಎರಕ ಹೊಯ್ದ ಇನ್ನೂರು ಚಿಲ್ಲರೆ ಗುಂಡು, ಒಂದರ ಮೇಲೊಂದು ತಪ್ಪು ಪರಿಹಾರ, ಕೊನೆಗೆ ಒಂದು ರಾತ್ರಿ ವಿನೆಗರ್, ಇಷ್ಟರಲ್ಲೇ ಮುಗಿದುಹೋಯಿತು. ಮೊದಲ ದಿನ ಹತ್ತು ನಿಮಿಷ ಕೊಟ್ಟು ಅಳತೆ ತೆಗೆದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ತಾಮ್ರದ ಹೊದಿಕೆಯ .44 ಗುಂಡಿನ ದಪ್ಪ ಹೆಚ್ಚುಕಡಿಮೆ .429 ಇಂಚು. ಸೀಸದ ಗುಂಡಿಗೂ ಅದೇ ಸಾಕು ಎಂದುಕೊಂಡು, ಎರಕದ ಗುಂಡುಗಳನ್ನೆಲ್ಲ .429ರ ಸೈಜಿಂಗ್ ಡೈನಲ್ಲಿ, ಅಂದರೆ ಗುಂಡನ್ನು ಒಂದೇ ದಪ್ಪಕ್ಕೆ ಹಿಂಡುವ ಅಚ್ಚಿನಲ್ಲಿ, ತೂರಿಸಲಾಯಿತು. ಮೊದಲ ಐವತ್ತು ಸುತ್ತಿಗೇ ಬ್ಯಾರೆಲ್ಲಿಗೆ ಸೀಸ ಹತ್ತಿತು. 25 ಗಜದಲ್ಲಿ ಅಂಗೈಯಗಲಕ್ಕೆ ಬೀಳುತ್ತಿದ್ದ ಗುಂಪು ತಟ್ಟೆಯಗಲವಾಯಿತು. ‘ಸೀಸ ಮೆತ್ತಗಿದೆ, ಗಟ್ಟಿ ಮಾಡು’ ಎಂದು ಯಾರೋ ಸಲಹೆ ಕೊಟ್ಟರು. ಹಳೆ ಅಚ್ಚುಕೂಟದ ಲೈನೋಟೈಪ್ ಲೋಹ ತಂದು ಎರಕ ಹೊಯ್ದದ್ದಾಯಿತು, ಸೀಸ ಇನ್ನೂ ಜಾಸ್ತಿ ಹತ್ತಿತು. ಆಮೇಲೆ ಹತ್ತಿದ್ದನ್ನು ‘ತಳ್ಳಿ ತೆಗೆಯಲು’ ಹೊದಿಕೆಯ ಗುಂಡು ಹಾರಿಸಿದ್ದು. ಕೊನೆಗೆ ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಬ್ಯಾರೆಲ್ ತುಂಬಿಸಿ, ಕಾರ್ಕ್ ಜಡಿದು, ಬೆಳಗಾಗುವತನಕ ಇಟ್ಟಿದ್ದು.

ಈ ಕೊನೆಯದರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಲಹೆ ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಆ ಮಿಶ್ರಣ ಸೀಸವನ್ನು ಕರಗಿಸುವುದು ನಿಜ. ಆದರೆ ಕರಗಿ ಆಗುವುದು ಲೆಡ್ ಅಸಿಟೇಟ್. ಅದು ನೀರಿನಲ್ಲಿ ಕರಗುವ ವಿಷ, ಗಟ್ಟಿ ಸೀಸಕ್ಕಿಂತ ಎಷ್ಟೋ ಸುಲಭವಾಗಿ ಮೈ ಸೇರುತ್ತದೆ. ಅಡುಗೆಮನೆಯ ಸಿಂಕಿಗೆ ಸುರಿದರೆ ಮನೆಮಂದಿಗೆಲ್ಲ ಕಂಟಕ. ಜೊತೆಗೆ ಅದು ಸೀಸವನ್ನು ಮಾತ್ರ ತಿಂದು ಸುಮ್ಮನಿರುವುದಿಲ್ಲ, ನೀಲಿ ಹೊಳಪನ್ನೂ ಉಕ್ಕನ್ನೂ ತಿನ್ನುತ್ತದೆ. ಗುಳಿ ಬಿದ್ದ ಬ್ಯಾರೆಲ್ಲಿಗೆ ಆಮೇಲೆ ಸೀಸ ಇನ್ನೂ ಬೇಗ ಹತ್ತುತ್ತದೆ. ಹತ್ತಿದ ಸೀಸ ತೆಗೆಯಲು ಬೇಕಾದದ್ದು ಪಾತ್ರೆ ಉಜ್ಜುವ ತಾಮ್ರದ ನಾರು, ಅಷ್ಟೇ. ಸವೆದ ಕಂಚಿನ ಬ್ರಷ್ಷಿಗೆ ನಾಲ್ಕು ಎಳೆ ಸುತ್ತಿ, ಒಣಗಿದ್ದಾಗಲೇ, ಹಿಂದಿನಿಂದ ಮುಂದಕ್ಕೆ ಹತ್ತು ಹದಿನೈದು ಸಲ ಎಳೆದರೆ ಸೀಸ ಬೆಳ್ಳಿ ಕಾಗದದ ಚೂರಿನಂತೆ ಉದುರುತ್ತದೆ. ನಾರು ಅಪ್ಪಟ ತಾಮ್ರವೋ ತಾಮ್ರದ ಬಣ್ಣ ಹೊಡೆದ ಕಬ್ಬಿಣವೋ ಎಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಬೇಡವೇ ಬೇಡ, ಅದು ಬ್ಯಾರೆಲ್ ಗೀಚುತ್ತದೆ.

ಸೀಸ ಹತ್ತಿದ ಬ್ಯಾರೆಲ್ಲಿನಲ್ಲಿ ಹೊದಿಕೆಯ ಗುಂಡು ಹಾರಿಸುವುದು ಬರೀ ಕೆಟ್ಟ ಅಭ್ಯಾಸವಲ್ಲ, ಅಪಾಯ. ದಾರಿ ಕಿರಿದಾಗಿರುತ್ತದೆ, ಒತ್ತಡ ಏರುತ್ತದೆ. .44 ಮ್ಯಾಗ್ನಮ್‌ಗೆ ಅಮೆರಿಕದ ಉದ್ಯಮ ಮಾನದಂಡ ಗೊತ್ತುಮಾಡಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 36,000 ಪೌಂಡ್. ಅರವತ್ತು ವರ್ಷದ ಕಬ್ಬಿಣದಲ್ಲಿ ಆ ಅಂಚಿನ ಮೇಲೆ ಆಟ ಬೇಡ.

ಈಗ ಮೂಲ ತಪ್ಪಿಗೆ ಬರೋಣ. ರಿವಾಲ್ವರಿನಲ್ಲಿ ಗುಂಡು ನೇರವಾಗಿ ಬ್ಯಾರೆಲ್ ಸೇರುವುದಿಲ್ಲ. ಮೊದಲು ಸಿಲಿಂಡರಿನ ಪ್ರತಿ ಕೋಣೆಯ ಮುಂತುದಿಯಲ್ಲಿರುವ ಗಂಟಲು ದಾಟಬೇಕು, ಆಮೇಲೆ ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವಿನ ಸಂದು ಹಾರಬೇಕು, ಆಮೇಲೆ ತೋಡು ಹಿಡಿಯಬೇಕು. ಗಂಟಲಿಗಿಂತ ಗುಂಡು ಸಣ್ಣದಾದರೆ ಸುಡುಗಾಳಿ ಪಕ್ಕದಿಂದ ನುಗ್ಗಿ ಗುಂಡಿನ ಮೈಯನ್ನು ಕೊರೆಯುತ್ತದೆ. ಆ ಕೊರೆದ ಸೀಸವೇ ಬ್ಯಾರೆಲ್ಲಿನ ಬುಡಕ್ಕೆ ಬೆಸುಗೆಯಂತೆ ಹತ್ತುವುದು. ಈ ರಿವಾಲ್ವರಿನ ಆರೂ ಗಂಟಲು .432, ಬ್ಯಾರೆಲ್ಲಿನಲ್ಲಿ ಎದುರುಬದುರು ತೋಡುಗಳ ತಳದಿಂದ ತಳಕ್ಕೆ ಅಳತೆ .430. ಅದಕ್ಕೆ .429ರ ಗುಂಡು! ಇಂಚಿನ ಸಾವಿರದ ಮೂರು ಭಾಗ, ಲೇತ್ ಕೆಲಸದವರ ಮಾತಿನಲ್ಲಿ ಮೂರು ಥೌ ಸಡಿಲ. ಸುಡುಗಾಳಿಗೆ ಅದು ಹೆಬ್ಬಾಗಿಲು.

ಅಳೆಯುವುದು ಕಷ್ಟವಲ್ಲ. ಸಿಲಿಂಡರ್ ಕಳಚಿ ಪಕ್ಕಕ್ಕಿಡಿ. ಅಪ್ಪಟ ಮೆತ್ತನೆ ಸೀಸದ ಒಂದು ಗೋಲಿ, ಬ್ಯಾರೆಲ್ಲಿಗಿಂತ ತುಸು ದಪ್ಪದ್ದು, ಎಣ್ಣೆ ಸವರಿ ಬಾಯಿ ಕಡೆಯಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಒಳಗೆ ಕೂರಿಸಿ. ಹಿತ್ತಾಳೆ ಸಲಾಕೆಯಲ್ಲಿ ಮೆಲ್ಲಗೆ ತಳ್ಳಿ. ಕೈಗೆ ಸಿಗುವ ಬಿಗಿತವನ್ನು ಗಮನಿಸುತ್ತಲೇ ತಳ್ಳಿ, ಯಾಕೆಂದರೆ ಬ್ಯಾರೆಲ್ ಚೌಕಟ್ಟಿಗೆ ತಿರುಪಿಕೊಂಡಿರುವ ಜಾಗದಲ್ಲಿ ಕೆಲವು ಸಲ ಒಳದಾರಿ ಒಂದೆರಡು ಥೌ ಕಿರಿದಾಗಿರುತ್ತದೆ. ಅಲ್ಲಿ ಗೋಲಿ ತಟ್ಟನೆ ಬಿಗಿಯಾದರೆ ಎಷ್ಟು ಒಳ್ಳೆಯ ಗುಂಡು ಹೊಯ್ದರೂ ಸೀಸ ಹತ್ತುವುದು ತಪ್ಪದು. ಅದನ್ನು ಸರಿಪಡಿಸುವುದು ನುರಿತ ಬಂದೂಕು ಕೆಲಸಗಾರನ ಪಾಲು. ಹೊರಬಂದ ಗೋಲಿಯನ್ನು ಮೈಕ್ರೋಮೀಟರಿನಲ್ಲೇ ಅಳೆಯಬೇಕು, ಕ್ಯಾಲಿಪರ್ ಈ ಸೂಕ್ಷ್ಮಕ್ಕೆ ಸಾಲದು. ಇದೇ ಥರ ಆರು ಗೋಲಿ ಆರು ಗಂಟಲಿಗೆ. ಗುಂಡು ತೋಡಿನ ಅಳತೆಗಿಂತ ಒಂದೆರಡು ಥೌ ದಪ್ಪಗಿದ್ದು, ಹೆಬ್ಬೆರಳಿನ ಒತ್ತಿಗೆ ಗಂಟಲು ದಾಟಿದರೆ ಸರಿ. ತಾನಾಗಿ ಜಾರಿ ಬಿದ್ದರೆ ಸಣ್ಣದು. ಗಂಟಲೇ ತೋಡಿಗಿಂತ ಕಿರಿದಾಗಿದ್ದರೆ ಗುಂಡನ್ನು ಎಷ್ಟು ದಪ್ಪ ಮಾಡಿದರೂ ವ್ಯರ್ಥ, ಗಂಟಲು ಅದನ್ನು ಹಿಂಡಿಯೇ ಬಿಡುತ್ತದೆ. ಆಗ ಮೊದಲು ಗಂಟಲನ್ನು ಕೊರೆಸಬೇಕು. ಈ ರಿವಾಲ್ವರಿಗೆ ಸರಿಯಾದ ಗುಂಡು .4315ರಿಂದ .432. ಆ ದಪ್ಪದ ಗುಂಡು ಕೂತ ತೋಟಾ ಆರೂ ಕೋಣೆಗೆ ಸಲೀಸಾಗಿ ಇಳಿಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಲೋಹದ ಗಟ್ಟಿತನದ ವಿಷಯ. ಗಟ್ಟಿ ಗುಂಡು ಅಂದರೆ ಒಳ್ಳೆ ಗುಂಡು ಎಂಬ ನಂಬಿಕೆ ಈ ಹವ್ಯಾಸಕ್ಕೆ ಹಿಡಿದ ದೊಡ್ಡ ರೋಗ. ಮೆತ್ತನೆಯ ಗುಂಡಿನ ಬುಡ ಒತ್ತಡಕ್ಕೆ ಉಬ್ಬಿ ದಾರಿ ಮುಚ್ಚುತ್ತದೆ. ಲೋಹದ ಗಟ್ಟಿತನ ಅಳೆಯುವ ಬ್ರಿನೆಲ್ ಅಂಕೆಯನ್ನು ಸುಮಾರು 1,400ರಿಂದ ಗುಣಿಸಿದರೆ ಆ ಗುಂಡು ಉಬ್ಬಲು ಬೇಕಾದ ಒತ್ತಡ, ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ, ಅಂದಾಜಿಗೆ ಸಿಗುತ್ತದೆ. ಹಳೆಯ ಸೀಸದ ಚಕ್ರದ ತೂಕಗಳು, ಅಂದರೆ ಟೈರ್ ಬ್ಯಾಲೆನ್ಸಿಂಗ್‌ಗೆ ರಿಮ್ಮಿಗೆ ಹೊಡೆಯುವ ತುಂಡುಗಳು, ಬ್ರಿನೆಲ್ 12ರ ಆಸುಪಾಸು. ಅದಕ್ಕೆ 17,000 ಪೌಂಡ್ ಸಾಕು. ಲೈನೋಟೈಪ್‌ನಲ್ಲಿ ಸೀಸ 84 ಪಾಲು, ಆಂಟಿಮನಿ 12, ತವರ 4. ಅದರ ಗಟ್ಟಿತನ 22, ಅದಕ್ಕೆ 31,000 ಬೇಕು. ಹದವಾದ ಮದ್ದು ತುಂಬಿದ ತೋಟಾದಲ್ಲಿ ಅಷ್ಟು ಒತ್ತಡ ಹುಟ್ಟುವುದೇ ಇಲ್ಲ. ಮೊದಲೇ ಸಣ್ಣದಾದ ಗುಂಡು ಉಬ್ಬುವುದೂ ಇಲ್ಲ ಎಂದಾದಾಗ ಸೀಸ ಹತ್ತದೆ ಇನ್ನೇನಾದೀತು? .44ಕ್ಕೆ ಚಕ್ರದ ತೂಕದ ಸೀಸಕ್ಕೆ ನೂರಕ್ಕೆ ಎರಡು ಪಾಲು ತವರ ಬೆರೆಸಿದರೆ ಧಾರಾಳ ಸಾಕು, ತವರ ಅಚ್ಚಿನ ಮೂಲೆಮೂಲೆಗೂ ಲೋಹ ಹರಿಯುವಂತೆ ಮಾಡುತ್ತದೆ. ಗುಂಡಿನ ಕೊರಕಲಿಗೆ ಜೇನುಮೇಣ ಮತ್ತು ಆಲಾಕ್ಸ್ (ಪೆಟ್ರೋಲಿಯಂನಿಂದ ಮಾಡಿದ ಜಿಡ್ಡು ಪದಾರ್ಥ) ಸಮಪಾಲು ಬೆರೆಸಿದ ಜಿಡ್ಡು. ಹಾರಿಸಿದ ಮೇಲೆ ಬ್ಯಾರೆಲ್ ಬಾಯಿಯ ಸುತ್ತ ನಕ್ಷತ್ರದಾಕಾರದಲ್ಲಿ ಜಿಡ್ಡು ಕಂಡರೆ ಅದು ಕೊನೆತನಕ ಸಾಲುತ್ತಿದೆ ಎಂದರ್ಥ.

ಗುಜರಿಯಿಂದ ತಂದ ತೂಕಗಳನ್ನು ಹಾಗೇ ಪಾತ್ರೆಗೆ ಸುರಿಯಬೇಡಿ. ಈಗ ಬರುವ ರಾಶಿಯಲ್ಲಿ ಕಬ್ಬಿಣದ್ದೂ ಸತುವಿನದ್ದೂ ಸೇರಿರುತ್ತವೆ. ಕಬ್ಬಿಣ ತೇಲುತ್ತದೆ, ತೊಂದರೆಯಿಲ್ಲ. ಸತು ಕರಗಿ ಬೆರೆತರೆ ಇಡೀ ಪಾತ್ರೆ ಕೆಟ್ಟಿತು: ಮೇಲ್ಮೈ ರಾಗಿ ಅಂಬಲಿ ಗಂಟುಕಟ್ಟಿದ ಹಾಗಾಗುತ್ತದೆ, ಅಚ್ಚು ತುಂಬುವುದಿಲ್ಲ. ಒಂದೊಂದನ್ನೇ ಕಟಿಂಗ್ ಪ್ಲೇಯರ್‌ನಲ್ಲಿ ಕಚ್ಚಿ ನೋಡಿ. ಸೀಸಕ್ಕೆ ಹಲ್ಲು ಇಳಿಯುತ್ತದೆ, ಸತುವಿಗೆ ಇಳಿಯುವುದಿಲ್ಲ. ಕಾಂಕ್ರೀಟ್ ಮೇಲೆ ಬಿಟ್ಟರೆ ಸೀಸ ದಪ್ಪೆಂದು ಬೀಳುತ್ತದೆ, ಸತು ಟಣ್ಣೆನ್ನುತ್ತದೆ. ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಸತು 419ಕ್ಕೆ. ಥರ್ಮಾಮೀಟರ್ ಇಟ್ಟು 370ರ ಒಳಗೆ ಕರಗಿಸಿದರೆ ಕಣ್ತಪ್ಪಿ ಬಂದ ಸತುವಿನ ತುಂಡು ಮೇಲೆ ತೇಲುತ್ತದೆ, ಸೌಟಿನಲ್ಲಿ ಎತ್ತಿ ಹಾಕಬಹುದು. ವಾಹನದ ಬ್ಯಾಟರಿಯ ಸೀಸವನ್ನಂತೂ ಮುಟ್ಟಲೇಬೇಡಿ. ಅದರ ಫಲಕಗಳಲ್ಲಿ ಕ್ಯಾಲ್ಸಿಯಂ ಜೊತೆ ಆರ್ಸೆನಿಕ್, ಆಂಟಿಮನಿ ಇರಬಹುದು. ಅದನ್ನು ಕರಗಿಸಿದಾಗ ಮೇಲೆ ಕಟ್ಟುವ ಕಿಟ್ಟಕ್ಕೆ ತೇವ ತಾಗಿದರೆ ಆರ್ಸಿನ್, ಸ್ಟಿಬಿನ್ ಎಂಬ ಪ್ರಾಣ ತೆಗೆಯುವ ಅನಿಲಗಳು ಹುಟ್ಟುತ್ತವೆ.

ನೀರಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಒಂದು ಹನಿ ನೀರು ಕಾದ ಸೀಸದ ಮೇಲ್ಮೈಗೆ ಬಿದ್ದರೆ ಚಟಪಟ ಸಿಡಿಯುತ್ತದೆ. ಅದೇ ಹನಿ ಸೀಸದ ಅಡಿಗೆ ಹೋದರೆ ಸಾವಿರದ ಆರುನೂರು ಪಟ್ಟು ಹಿಗ್ಗಿ ಆವಿಯಾಗಿ, ಪಾತ್ರೆಯ ಸೀಸವನ್ನೆಲ್ಲ ಚಾವಣಿಗೆ ಎರಚುತ್ತದೆ. ತಣ್ಣನೆಯ ಸೀಸದ ಗಟ್ಟಿ, ಹೊರಗಿಟ್ಟ ಸೌಟು, ಫೈರಿಂಗ್ ರೇಂಜಿನ ಮಣ್ಣಿನಿಂದ ಹೆಕ್ಕಿದ ಹೊದಿಕೆಯ ಗುಂಡು, ಯಾವುದರಲ್ಲೂ ತೇವ ಅವಿತಿರಬಹುದು. ಹೆಕ್ಕಿದ ಗುಂಡನ್ನು ತಣ್ಣನೆ ಪಾತ್ರೆಗೆ ಹಾಕಿಯೇ ಕಾಯಿಸಬೇಕು. ಅದರಲ್ಲಿ ಸಿಡಿಯದ ತೋಟಾ ಸೇರಿದೆಯೇ ಎಂದು ಮೊದಲೇ ಕೆದಕಿ ನೋಡಬೇಕು. ಗಟ್ಟಿಯನ್ನೂ ಸೌಟನ್ನೂ ಪಾತ್ರೆಯ ಅಂಚಿನ ಮೇಲಿಟ್ಟು ಬಿಸಿ ಮಾಡಿ ಆಮೇಲೆ ಒಳಗಿಳಿಸಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಬಿಸಿಗೆ ಬಲಗೆಟ್ಟು ತಳ ಬಿಡುತ್ತದೆ. ಎರಕದ ಕಬ್ಬಿಣ ಅಥವಾ ಉಕ್ಕಿನದೇ ಆಗಬೇಕು, ಮತ್ತೆಂದೂ ಅಡುಗೆಗೆ ಬಳಸಬಾರದು. ಮುಖಕ್ಕೆ ಪೂರ್ತಿ ಶೀಲ್ಡ್, ಉದ್ದ ತೋಳಿನ ಹತ್ತಿ ಅಂಗಿ, ಚರ್ಮದ ಕೈಗವಸು, ಬೂಟು. ಪಾಲಿಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಎರಕದ ಹದ ಬೇಗ ಕೈಗೆ ಹತ್ತುತ್ತದೆ. ಗುಂಡು ಸುಕ್ಕುಗಟ್ಟಿದ್ದರೆ ಅಚ್ಚು ತಣ್ಣಗಿದೆ ಅಥವಾ ಎಣ್ಣೆ ಉಳಿದಿದೆ. ಮಂಜು ಹಿಡಿದಂತೆ ಬಿಳುಚಿದ್ದರೆ ತುಂಬ ಬಿಸಿ. 250 ಗ್ರೇನಿನ (7,000 ಗ್ರೇನ್ ಅಂದರೆ ಒಂದು ಪೌಂಡ್) ಗುಂಡಾದರೆ ಪೌಂಡಿಗೆ 28 ಬರುತ್ತವೆ. ತೂಕದಲ್ಲಿ ಉಳಿದವುಗಳಿಗಿಂತ ಎದ್ದುಕಾಣುವಷ್ಟು ಹಗುರವಾದದ್ದರ ಒಳಗೆ ಟೊಳ್ಳಿದೆ, ವಾಪಸ್ ಪಾತ್ರೆಗೆ.

ಸೀಸದ ಹೊಗೆಗೆ ಹೆದರುವವರು ಧೂಳನ್ನು ಮರೆಯುತ್ತಾರೆ. ಈ ಬಿಸಿಯಲ್ಲಿ ಸೀಸ ಆವಿಯಾಗುವುದು ತೀರ ಕಡಿಮೆ, ಅದು ಕುದಿಯಲು 1,749 ಡಿಗ್ರಿ ಬೇಕು. ನಿಜವಾದ ವಿಷ ಮೇಲಿಂದ ತೆಗೆದ ಬೂದಿಬಣ್ಣದ ಕಿಟ್ಟದ ಪುಡಿ. ಅದು ಕೈ, ತೋಳು, ಚಪ್ಪಲಿ ಹಿಡಿದು ಮನೆಯೊಳಗೆ ಬರುತ್ತದೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ಗಮನ ಕೊಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರಲ್ಲಿ ಗೊತ್ತುಮಾಡಿತು. ಆದ್ದರಿಂದ ಕೆಲಸ ಬಯಲಲ್ಲಿ ಅಥವಾ ಬಾಗಿಲು ತೆರೆದ ಶೆಡ್ಡಿನಲ್ಲಿ. ಕಿಟ್ಟವನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ. ಒಣ ಪೊರಕೆ ಮುಟ್ಟಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ದಿನದ ಬಟ್ಟೆ ಬೇರೆಯಾಗಿ ಒಗೆಯಿರಿ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ.

ಇನ್ನು ಇಂಥ ಹಳೆ ರೂಗರ್ ಕೊಳ್ಳುವವರಿಗೆ. ಚೌಕಟ್ಟಿನ ಬದಿಯಲ್ಲಿ ಮೂರು ಸ್ಕ್ರೂ ತಲೆ ಕಂಡರೆ ಅದು 1973ಕ್ಕೆ ಮುಂಚಿನ ಹಳೆ ವಿನ್ಯಾಸ. ಹ್ಯಾಮರ್ ಪೂರ್ತಿ ಇಳಿದಾಗ, ತೋಟಾಕ್ಕೆ ಹೊಡೆದು ಸಿಡಿಸುವ ಫೈರಿಂಗ್ ಪಿನ್ನಿನ ಮೇಲೇ ಕೂತಿರುತ್ತದೆ. ಕೈಜಾರಿ ಬಿದ್ದು ಹ್ಯಾಮರಿಗೆ ಪೆಟ್ಟಾದರೆ ಎದುರಿಗಿರುವ ತೋಟಾ ಸಿಡಿಯಬಹುದು. ಹ್ಯಾಮರನ್ನು ತುಸು ಎತ್ತಿ ನಿಲ್ಲಿಸುವ ಸುರಕ್ಷಾ ಕಚ್ಚನ್ನು ನಂಬಬೇಡಿ, ಪೆಟ್ಟಿಗೆ ಅದು ಮುರಿಯುತ್ತದೆ. ಆರು ಕೋಣೆಗೆ ಐದೇ ತೋಟಾ: ಹ್ಯಾಮರ್ ಅರ್ಧಕ್ಕೆ ಎಳೆದು, ತೋಟಾ ತುಂಬುವ ಗೇಟ್ ತೆರೆದು ಒಂದು ತುಂಬಿ, ಒಂದು ಬಿಟ್ಟು, ನಾಲ್ಕು ತುಂಬಿ, ಗೇಟ್ ಮುಚ್ಚಿ, ಪೂರ್ತಿ ಎಳೆದು ನಿಧಾನವಾಗಿ ಇಳಿಸಿದರೆ ಖಾಲಿ ಕೋಣೆ ಹ್ಯಾಮರಿನಡಿ ಬರುತ್ತದೆ. ಬಂದಿದೆಯೆಂದು ಬದಿಯಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. 1953ರಿಂದ 1972ರವರೆಗಿನ ಇಂಥ ರಿವಾಲ್ವರುಗಳಿಗೆ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ಪಿನ್ನಿಗೆ ಮುಟ್ಟಿಸುವ ಪಟ್ಟಿ) ಭಾಗಗಳನ್ನು ತಯಾರಕರೇ ಉಚಿತವಾಗಿ ಹಾಕಿಕೊಟ್ಟು, ಹಳೆಯವನ್ನು ಹಿಂತಿರುಗಿಸುತ್ತಾರೆ. ಬದಲಾದದ್ದನ್ನು ಕೊಳ್ಳುವಾಗ ಆ ಹಳೆ ಭಾಗಗಳ ಪೊಟ್ಟಣವನ್ನೂ ಕೇಳಿ ಪಡೆಯಿರಿ, ಬೆಲೆ ನಿಲ್ಲುವುದು ಅದರಲ್ಲೇ.

ಅಮೆರಿಕದಲ್ಲಿರುವ ಕನ್ನಡಿಗರು ಒಂದು ಕಾನೂನು ಮಾತು ತಿಳಿದಿರಬೇಕು. ಎಚ್-1ಬಿಯಂಥ ನಾನ್-ಇಮಿಗ್ರಂಟ್ ವೀಸಾದಲ್ಲಿ ಇರುವವರು ಬಂದೂಕಾಗಲಿ ಮದ್ದುಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಊರ್ಜಿತ ಬೇಟೆ ಲೈಸೆನ್ಸ್ ಇರುವವರಿಗೆ ಇರುವಂಥ ಕೆಲವೇ ವಿನಾಯಿತಿಗಳಿವೆ. ಆ ಕಾನೂನಿನ ಕಣ್ಣಲ್ಲಿ ಬರಿಯ ಸೀಸದ ಗುಂಡೂ ‘ಮದ್ದುಗುಂಡೇ’. ಗೆಳೆಯನ ಶೆಡ್ಡಿನಲ್ಲಿ ಹೊಯ್ದ ಡಬ್ಬಿಯೊಂದನ್ನು ಮನೆಗೆ ತಂದಿಟ್ಟುಕೊಂಡರೂ ವೀಸಾಕ್ಕೆ ಕುತ್ತು. ಸ್ವಂತಕ್ಕೆ ಹೊಯ್ಯಲು ಅಲ್ಲಿ ಫೆಡರಲ್ ಪರವಾನಗಿ ಬೇಡ, ಆದರೆ ಮಾರಾಟದ ವ್ಯವಹಾರಕ್ಕೆ ಇಳಿದರೆ ಬೇಕು. ಊರಿಗೆ ಬಂದು ಇಲ್ಲಿ ಮಾಡಿ ತೋರಿಸುವ ಉತ್ಸಾಹವಂತೂ ಬೇಡ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಮದ್ದುಗುಂಡಿನ ಬಿಡಿಭಾಗಗಳೂ ಅದರಲ್ಲಿ ಸೇರುತ್ತವೆ.

ಆ ಸೂಪರ್ ಬ್ಲ್ಯಾಕ್‌ಹಾಕ್‌ಗೆ ಈಗ ಉಳಿದಿರುವುದು ಬ್ಯಾರೆಲ್ ಬದಲಾವಣೆ. ಗುಳಿ ಆಳವಾಗಿವೆ, ಉಜ್ಜಿ ನಯಮಾಡಿದರೆ ತೋಡೇ ಉಳಿಯುವುದಿಲ್ಲ. ಸಿಲಿಂಡರಿನ ಆರೂ ಗಂಟಲು ಮಾತ್ರ ಕನ್ನಡಿಯಂತೆ ನಯವಾಗಿವೆ, .432ಕ್ಕೆ ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲ. ಹೊಸ ಬ್ಯಾರೆಲ್ ತಿರುಪಿ ಕೂರಿಸಿದ ದಿನ, ಮೊದಲ ತೋಟಾ ತುಂಬುವ ಮೊದಲು, ಅದರೊಳಗೂ ಒಂದು ಮೆತ್ತನೆ ಸೀಸದ ಗೋಲಿ ಹಾಯಬೇಕು.