ಹೇಮಾವತಿ ಹಿನ್ನೀರಿನ ವಿಂಡ್‌ಸರ್ಫಿಂಗ್ ಕ್ಲಾಸು: ಮಕ್ಕಳನ್ನು ಸೇರಿಸಬಹುದಾ?

ಸೇರಿಸಬಹುದು. ಆದರೆ ಮಗುವಿಗೆ ಈಜು ಬರಬೇಕು, ನಿಮಗೆ ತಾಳ್ಮೆ ಇರಬೇಕು. ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ ಇದು. ಎರಡು ಭಾನುವಾರ ಕಳೆಯುವಷ್ಟರಲ್ಲಿ ಸ್ಟೇಟಸ್ಸಿಗೆ ಹಾಕಲು ಒಳ್ಳೆ ವಿಡಿಯೋ ಸಿಗುತ್ತದೆ ಅಂದುಕೊಂಡು ಹೋಗುವವರಿಗೆ ಇದು ಆಗಿಬರುವುದಿಲ್ಲ.

ನನ್ನ ಮಗಳಿಗೆ ಹನ್ನೆರಡು, ಅಕ್ಕನ ಮಗನಿಗೆ ಹದಿನಾಲ್ಕು. ಇಬ್ಬರನ್ನೂ ಈ ಚಳಿಗಾಲ ಗೊರೂರು ಕಡೆ ಹಿನ್ನೀರಿನ ದಡದಲ್ಲಿ ನಡೆಯುವ ವಾರಾಂತ್ಯದ ಕ್ಲಾಸಿಗೆ ಹಾಕಿದ್ದೆವು. ಫೀಸು ಹಾಸನದ ಲೆಕ್ಕಕ್ಕೆ ಜಾಸ್ತಿಯೇ. "ಇದೆಲ್ಲ ಫಾರಿನ್‌ನವರ ಆಟ ಅಲ್ವಾ" ಎಂದು ಮನೆಯಲ್ಲಿ ರಾಗ ಎಳೆದರು. 1984ರಿಂದ ಒಲಿಂಪಿಕ್ಸ್‌ನಲ್ಲಿದೆ, 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಎಬಾದ್ ಅಲಿ ಕಂಚು ಗೆದ್ದಿದ್ದಾರೆ ಅಂದ ಮೇಲೆ ಸುಮ್ಮನಾದರು.

ಮೊದಲ ಕ್ಲಾಸಿನಲ್ಲಿ ಮಕ್ಕಳು ನೀರು ಮುಟ್ಟಿದ್ದೇ ಕೊನೆಗೆ. ಹುಲ್ಲಿನ ಮೇಲೆ ಬೋರ್ಡ್ ಇಟ್ಟು, ಅಡಿಯ ಫಿನ್ (ಮೀನಿನ ರೆಕ್ಕೆಯಂಥ ಪಟ್ಟಿ) ಬಿಚ್ಚಿ, ಅದರ ಮೇಲೆ ನಿಂತು ಹಗ್ಗ ಹಿಡಿದು ಹಾಯಿ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಬೆನ್ನು ಬಗ್ಗಿಸಿ ಎಳೆದರೆ ಸೊಂಟ ಹಿಡಿಯುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ ಮೈಭಾರ ಹಿಂದಕ್ಕೆ ಹಾಕಿದರೆ ಹಾಯಿ ತಾನಾಗಿ ಮೇಲೆ ಬರುತ್ತದೆ. ಪಕ್ಕದಲ್ಲಿದ್ದ ಒಬ್ಬರು "ಇಷ್ಟು ದುಡ್ಡು ಕೊಟ್ಟು ಹುಲ್ಲಿನ ಮೇಲೆ ನಿಲ್ಲೋದಾ" ಎಂದು ಗೊಣಗಿದರು. ನನಗೆ ಹಿಡಿಸಿದ್ದೇ ಅದು.

ಆಮೇಲೆ ಬೀಳುವ ಪಾಠ, ಸೊಂಟದ ಮಟ್ಟದ ನೀರಿನಲ್ಲಿ. ಗಾಳಿ ಎಳೆದುಕೊಂಡು ಹೋಗುತ್ತಿದೆ ಅನಿಸಿದರೆ ಬೂಮ್‌ನಿಂದ (ಹಾಯಿಗೆ ಅಡ್ಡ ಇರುವ ಹಿಡಿಕೋಲು) ಕೈ ಬಿಡು, ಹಾಯಿ ನೀರಿಗೆ ಬೀಳುತ್ತದೆ, ಬೋರ್ಡ್ ನಿಲ್ಲುತ್ತದೆ. ಮುಳುಗಿ ಮೇಲೆ ಬರುವಾಗ ಒಂದು ಕೈ ತಲೆಯ ಮೇಲಿರಲಿ, ಮಾಸ್ಟ್ (ಹಾಯಿ ಕಟ್ಟಿದ ಕಂಬ) ಎಲ್ಲಿ ಬೀಳುತ್ತದೋ ಗೊತ್ತಾಗುವುದಿಲ್ಲ. ಹಾಯಿಯ ಅಡಿ ಸಿಕ್ಕಿಕೊಂಡರೆ ಗಾಬರಿ ಬೇಡ, ಕೈಯಿಂದ ಮೇಲಕ್ಕೆ ಒತ್ತಿದರೆ ಉಸಿರಾಡಲು ಜಾಗ ಆಗುತ್ತದೆ, ಆಮೇಲೆ ಒಂದೇ ದಿಕ್ಕಿಗೆ ಸರಿಯುತ್ತಾ ಹೊರಗೆ ಬಾ. ಇದನ್ನು ಪ್ರತಿ ಮಗುವಿನ ಕೈಲೂ ಮಾಡಿಸಿದರು. ಮಗಳು ಮೊದಲ ಸಲ ಕೆಮ್ಮುತ್ತಾ ಎದ್ದಳು. ಸಾರ್ ಬೈಯಲಿಲ್ಲ, ನಗಲೂ ಇಲ್ಲ, "ಇನ್ನೊಂದ್ಸಲ" ಅಂದರು ಅಷ್ಟೇ.

ಇನ್ನೊಂದು ನಿಯಮ ಬಾಯಿಪಾಠ ಆಗುವವರೆಗೆ ಹೇಳಿಸಿದರು: ಏನೇ ಆದರೂ ಬೋರ್ಡ್ ಬಿಟ್ಟು ದಡಕ್ಕೆ ಈಜಬಾರದು. ಬೋರ್ಡ್ ತೇಲುತ್ತದೆ, ದೂರದಿಂದ ಕಾಣುತ್ತದೆ. ನೀರಿನಲ್ಲಿರುವ ಒಂದು ತಲೆ ಕಾಣುವುದಿಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿದರೆ ಸಹಾಯ ಬೇಕು ಎಂದರ್ಥ. ಆ ಸನ್ನೆ ನಮ್ಮಂಥ ದಡದ ಮೇಲೆ ಕೂತ ಅಪ್ಪ ಅಮ್ಮಂದಿರಿಗೂ ಕಲಿಸಿದರು.

ಗಾಳಿಯ ವಿಷಯದಲ್ಲಂತೂ ಇವರು ಬಲು ಕಟ್ಟುನಿಟ್ಟು. ಒಂದು ಭಾನುವಾರ ದಡದಲ್ಲಿ ಎಲೆ ಅಲುಗುತ್ತಿಲ್ಲ, ಆದರೂ ಕ್ಲಾಸು ಇಲ್ಲ ಎಂದರು. ಅಷ್ಟು ದೂರ ಬಂದಿದ್ದೇವೆ, ಸಿಟ್ಟು ಬಾರದೆ ಇರುತ್ತದಾ? ಸಾರ್ ನೀರಿನ ನಡುವೆ ಕೈ ತೋರಿಸಿದರು. ಅಲ್ಲಿ ನೀರು ಕಪ್ಪಗೆ ಸುಕ್ಕುಸುಕ್ಕಾಗಿತ್ತು. ಗಾಳಿ ನಮ್ಮ ಬೆನ್ನ ಹಿಂದಿನಿಂದ ನೀರಿನ ಕಡೆ ಬೀಸುತ್ತಿತ್ತು, ನೀಲಗಿರಿ ತೋಪು ಅಡ್ಡ ಇದ್ದಿದ್ದಕ್ಕೆ ನಮಗೆ ಗೊತ್ತಾಗುತ್ತಿರಲಿಲ್ಲ. ಮಗು ಆರಾಮಾಗಿ ಹೊರಡುತ್ತದೆ, ಸ್ವಲ್ಪ ಮುಂದೆ ಹೋದ ಮೇಲೆ ಗಾಳಿ ಹಿಡಿದುಕೊಳ್ಳುತ್ತದೆ, ಹಾಯಿ ಬಿದ್ದರೂ ಬೋರ್ಡ್ ಆಚೆ ದಡದ ಕಡೆಗೇ ತೇಲುತ್ತದೆ. ಹೊಸಬರಿಗೆ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ಗಾಳಿ ಸಾಕು, ಅದೂ ದಡದ ಉದ್ದಕ್ಕೋ ಓರೆಯಾಗಿ ದಡದ ಕಡೆಗೋ ಬೀಸಬೇಕು. ಆ ದಿನದ ದುಡ್ಡು ಮುಂದಿನ ವಾರಕ್ಕೆ ಹಿಡಿದರು. ಏಪ್ರಿಲ್ ಬಂದ ಮೇಲೆ ಮಧ್ಯಾಹ್ನದ ಕ್ಲಾಸೇ ಇಲ್ಲವಂತೆ. ಭರಣಿ ಮಳೆಯ ಗುಡುಗು ಸಿಡಿಲು ಹೇಳಿಕೇಳಿ ಬರುತ್ತದಾ? ಬಯಲು ನೀರಿನಲ್ಲಿ ಎತ್ತರದ ಮಾಸ್ಟ್ ಹಿಡಿದು ನಿಲ್ಲುವ ಹುಚ್ಚು ಯಾರಿಗೂ ಬೇಡ. ಮಳೆಗಾಲ ಪೂರ್ತಿ ಬಾಗಿಲು ಮುಚ್ಚುತ್ತಾರೆ.

ಸಾಮಾನು ಚೆನ್ನಾಗಿದೆ. ಅಗಲದ ಬೋರ್ಡ್, ಮಕ್ಕಳಿಗೆಂದೇ ಎರಡು ಮೂರು ಚದರ ಮೀಟರಿನ ಪುಟ್ಟ ಹಾಯಿ. ದೊಡ್ಡವರ ಹಾಯಿ ಕೊಟ್ಟು "ಅಭ್ಯಾಸ ಆಗುತ್ತೆ" ಅನ್ನುವ ಜಾಗಕ್ಕೆ ಹೋಗಲೇಬೇಡಿ.

ಈಗ ತಕರಾರು. ಲೈಫ್ ಜಾಕೆಟ್ ಸಣ್ಣ ಮಕ್ಕಳ ಅಳತೆಯದು ಸಾಲದು. ಮಗಳಿಗೆ ಕೊಟ್ಟಿದ್ದನ್ನು ಬಕಲ್ ಬಿಗಿಮಾಡಿ ಭುಜದ ಹತ್ತಿರ ಎತ್ತಿ ನೋಡಿದೆ, ಕಿವಿಯವರೆಗೆ ಬಂತು. ಹಾಗೆ ಬಂದರೆ ನೀರಿನಲ್ಲಿ ಜಾಕೆಟ್ ಮಾತ್ರ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ. ಕೇಳಿದ ಮೇಲೆ ಬೇರೆ ಹುಡುಕಿ ಕೊಟ್ಟರು, ಸರಿ. ಆದರೆ ಕೇಳದೆ ಸುಮ್ನೆ ಹಾಕಿಸಿಕೊಂಡು ಹೋದವರ ಕತೆ? ಮೋಟರ್ ಬೋಟ್ ಒಂದೇ ಇದೆ. ಸಾರ್ ಅದರಲ್ಲಿ ಒಬ್ಬನನ್ನು ಕರೆತರಲು ಹೋದಾಗ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಸಹಾಯಕ ಹುಡುಗ, ಅವನ ಕೈಯಲ್ಲಿ ಮೊಬೈಲು. ಇದು ಸರಿಯಿಲ್ಲ, ಮುಖಕ್ಕೇ ಹೇಳಿಬಂದಿದ್ದೇನೆ. ನೀರು ಇಳಿಯುತ್ತಾ ಹೋದ ಹಾಗೆ ಹಳೆ ಮರದ ಬುಡಗಳು ಮೇಲೆ ಬರುತ್ತವೆ, ಬರಿಗಾಲು ಬೇಡ, ರಬ್ಬರ್ ಶೂ ನೀವೇ ಒಯ್ಯಿರಿ. ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಟಾರ್ಪಾಲಿನ ಮರೆ ಬಿಟ್ಟರೆ ಏನಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಇನ್ನೊಂದು ಬೋಟ್, ಅದಕ್ಕೊಬ್ಬ ಆಳು ಬಂದರೆ ನಾಲ್ಕೂವರೆ.