ಆರು ಮಳೆಗಾಲ ಮಟ್ ಬಳಸಿದ ಮೇಲೆ: ವೇಗ ಇದೆ, ‘ಇಲ್ಲ’ ಕಾಣುವುದಿಲ್ಲ

ಮಳೆಗಾಲದಲ್ಲಿ ನಮ್ಮನೆಯಲ್ಲಿ ಇಂಟರ್ನೆಟ್ ಸಿಗುವುದು ಜಗಲಿಯ ಒಂದೇ ಕಂಬದ ಹತ್ತಿರ. ಅದೂ ಎರಡು ಕಡ್ಡಿ. ಹೊಸನಗರ ತಾಲೂಕಿನ ಹಳ್ಳಿ, ಸುತ್ತ ಅಡಿಕೆ ತೋಟ, ಅದರಾಚೆ ಕಾಡು. 2020ರಲ್ಲಿ ಬೆಂಗಳೂರಿನ ಕೆಲಸವನ್ನು ಮನೆಗೇ ಹೊತ್ತು ತಂದಾಗ ನನಗೆ ಮೊದಲು ಸಾಕಾಗಿದ್ದು ಬ್ರೌಸರಿನ ಮೇಲ್. ಪುಟ ತೆರೆಯಲು ಹೋದರೆ ಚಕ್ರ ತಿರುಗುತ್ತಾ ಇರುತ್ತಿತ್ತು. ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರೂ ತಿರುಗುತ್ತಲೇ ಇರುತ್ತಿತ್ತು.

ಹಾಗಾಗಿ ಟರ್ಮಿನಲ್‌ಗೆ, ಅಂದರೆ ಚಿತ್ರ, ಬಟನ್ ಇಲ್ಲದೆ ಬರೀ ಅಕ್ಷರದಲ್ಲಿ ಕೆಲಸ ಮಾಡುವ ಪರದೆಗೆ ಬಂದೆ. ಬೆಂಗಳೂರಿನಲ್ಲಿ ತಿಂಗಳಿಗೆ ಸುಮಾರು 450 ರೂಪಾಯಿಯ ಒಂದು ಸಣ್ಣ ಬಾಡಿಗೆ ಸರ್ವರ್, ಅದರೊಳಗೆ ಮಟ್ ಅನ್ನುವ ಟರ್ಮಿನಲ್ ಮೇಲ್ ಪ್ರೋಗ್ರಾಮ್, ಇಲ್ಲಿಂದ ಎಸ್‌ಎಸ್‌ಎಚ್ ಮಾಡಿ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ದಾರಿ) ಒಳಗೆ ಹೋಗುವುದು. ಮಟ್‌ಗೆ ದುಡ್ಡಿಲ್ಲ. ಮೊದಲ ಕೆಲವು ತಿಂಗಳು ಇಂಥದ್ದೇ ಇನ್ನೊಂದು ಪ್ರೋಗ್ರಾಮ್ ಆಲ್ಪೈನ್ ಬಳಸಿದ್ದೆ, ಯಾವ ಕೀ ಏನು ಮಾಡುತ್ತದೆ ಅಂತ ಕೆಳಗೇ ಬರೆದಿರುತ್ತದೆ, ಹೊಸಬರಿಗೆ ಅದೇ ಒಳ್ಳೆಯದು. ಇನ್‌ಸ್ಟಾಲ್ ಮಾಡುವುದರ ಬಗ್ಗೆ ಬರೆಯುವುದಿಲ್ಲ. ಎರಡು ಹಂತದ ಲಾಗಿನ್ ಇರುವ ನನ್ನ ಮೇಲ್ ಖಾತೆಗೆ ಬೇರೆಯೇ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕಾಯಿತು, ನನ್ನ ಅರ್ಧ ದಿನ ತಿಂದದ್ದು ಅದೊಂದೇ.

ಈ ಏರ್ಪಾಡಿನ ಗುಟ್ಟು ಇಷ್ಟೇ. ಮೇಲ್ ಎಲ್ಲ ಅಲ್ಲೇ ಇರುತ್ತದೆ, ನನ್ನ ಕಡೆಗೆ ಬರುವುದು ಪರದೆಯ ಮೇಲಿನ ಅಕ್ಷರ ಮಾತ್ರ. 80 ಕಾಲಮ್, 24 ಸಾಲು. ಪರದೆ ತುಂಬಿದರೂ 1920 ಅಕ್ಷರ. ಎರಡು ಕಡ್ಡಿಗೆ ಅಷ್ಟು ಎಳೆಯುವ ತಾಕತ್ತು ಇದೆ.

ಬೆಳಗ್ಗೆ ಹಂಡೆ ಒಲೆಗೆ ಬೆಂಕಿ ಹಾಕಿ, ಕಾಫಿ ಲೋಟ ಹಿಡಿದು ಕಂಬದ ಹತ್ತಿರ ಕೂರುತ್ತೇನೆ. ಸರ್ವರ್‌ನಲ್ಲಿ ಟಿಮಕ್ಸ್ (ನಾವು ಹೊರಬಂದರೂ ಟರ್ಮಿನಲ್ ಕೆಲಸವನ್ನು ಜೀವಂತ ಇಡುವ ಪ್ರೋಗ್ರಾಮ್) ಒಳಗೆ ಮಟ್ ಓಡುತ್ತಲೇ ಇರುತ್ತದೆ, ಅದನ್ನು ಮುಚ್ಚುವುದೇ ಇಲ್ಲ. ನಿನ್ನೆ ರಾತ್ರಿ ಕರೆಂಟ್ ಹೋದಾಗ ಯಾವ ವಾಕ್ಯದ ಮಧ್ಯೆ ನಿಂತಿದ್ದೆನೋ ಕರ್ಸರ್ ಅಲ್ಲೇ ಮಿಣುಕುತ್ತಿರುತ್ತದೆ. ಈ ಒಂದು ಸುಖಕ್ಕೇ 450 ಕೊಡಬಹುದು ಅನಿಸಿದೆ. ಟ್ಯಾಬ್ ಒತ್ತಿದರೆ ಓದದ ಮುಂದಿನ ಮೇಲ್‌ಗೆ ಹಾರುತ್ತದೆ. ಆಮೇಲೆ ನನ್ನ ಇಷ್ಟದ ಕೆಲಸ: ದೊಡ್ಡಕ್ಷರದ ಡಿ ಒತ್ತಿ, ಜಾಹೀರಾತು ಕಳಿಸುವವರ ಹೆಸರು ಕೊಟ್ಟರೆ ಅವರದ್ದೆಲ್ಲ ಒಂದೇ ಏಟಿಗೆ ಅಳಿಸುವ ಪಟ್ಟಿಗೆ ಹೋಗುತ್ತವೆ. ಡಾಲರ್ ಚಿಹ್ನೆ ಒತ್ತಿದರೆ ನಿಜವಾಗಿ ಮಾಯ. ಅಂಗಳ ಗುಡಿಸಿದ ಹಾಗೆ. ಜಾಹೀರಾತು ಮೇಲ್ ತೆರೆದರೂ ಬೇಜಾರಿಲ್ಲ, ಡಬ್ಲ್ಯು3ಎಂ ಅನ್ನುವ ಟರ್ಮಿನಲ್ ಬ್ರೌಸರ್ ಅದನ್ನು ಬರೀ ಅಕ್ಷರ ಮಾಡಿ ತೋರಿಸುತ್ತದೆ. ಬಣ್ಣ, ಚಿತ್ರ, ಬಟನ್ ಎಲ್ಲ ಹೋದ ಮೇಲೆ ಅವರು ಹೇಳಿದ್ದು ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ.

ಜೋರು ಮಳೆಯಲ್ಲಿ ಟೈಪ್ ಮಾಡುವಾಗ ಮಾತ್ರ ಕಷ್ಟ. ಎಸ್‌ಎಸ್‌ಎಚ್‌ನಲ್ಲಿ ಒತ್ತಿದ ಪ್ರತಿ ಅಕ್ಷರವೂ ಬೆಂಗಳೂರಿಗೆ ಹೋಗಿ ಬಂದ ಮೇಲೇ ಪರದೆಯಲ್ಲಿ ಕಾಣುತ್ತದೆ. ಅದಕ್ಕೆ ಎಸ್‌ಎಸ್‌ಎಚ್ ಬದಲು ಬಳಸುವ ಮಾಷ್ ಅನ್ನುವ ಪ್ರೋಗ್ರಾಮ್ ಹಾಕಿಕೊಂಡೆ. ಉತ್ತರ ಬರುವ ಮೊದಲೇ ಅಕ್ಷರ ಊಹಿಸಿ ತೋರಿಸುತ್ತದೆ, ನೆಟ್ ನಿಧಾನವಿದ್ದರೆ ಅದರ ಕೆಳಗೆ ಗೆರೆ ಎಳೆಯುತ್ತದೆ, ಖಚಿತವಾದ ಮೇಲೆ ಗೆರೆ ಹೋಗುತ್ತದೆ. ನೆಟ್ ಹೋಗಿ ಬಂದರೂ ಮತ್ತೆ ಲಾಗಿನ್ ಕೇಳುವುದಿಲ್ಲ.

ಇಷ್ಟರವರೆಗೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ದೊಡ್ಡಪ್ಪನ ಮೇಲ್ ವಿಷಯಕ್ಕೆ ಬರೋಣ.

ನಮ್ಮ ದೊಡ್ಡಪ್ಪ ಸಾಗರದಲ್ಲಿ ಇದ್ದಾರೆ, ನಿವೃತ್ತ ಮೇಷ್ಟ್ರು. ತೋಟದ ಲೆಕ್ಕ, ಆಳು, ಗೊಬ್ಬರ ಎಲ್ಲ ಅವರದ್ದೇ. ನಮ್ಮಲ್ಲಿ ಫೋನ್ ಹತ್ತುವುದೂ ಅಷ್ಟಕ್ಕಷ್ಟೇ, ವಾಟ್ಸಾಪ್ ಅವರು ನಂಬುವುದಿಲ್ಲ. ಎಲ್ಲ ಮೇಲ್‌ನಲ್ಲೇ, ಅಚ್ಚ ಕನ್ನಡದಲ್ಲಿ. ಶುರುವಿನಲ್ಲಿ ಅವರ ಮೇಲ್ ನನಗೆ \340\262\225 ಅಂತೆಲ್ಲ ಕಾಣುತ್ತಿತ್ತು. ಅದು ‘ಕ’ ಅಕ್ಷರ! ಸರ್ವರ್‌ನಲ್ಲಿ ಯುಟಿಎಫ್-8 ಲೊಕೇಲ್ (ಎಲ್ಲ ಲಿಪಿಗಳನ್ನೂ ಗುರುತಿಸುವ ಭಾಷಾ ಸೆಟ್ಟಿಂಗ್) ಇಟ್ಟ ಮೇಲೆ ಅದು ಸರಿಹೋಯಿತು. ಆದರೆ ಟರ್ಮಿನಲ್ ಅಂದರೆ ಚೌಕುಳಿ ಹಾಳೆ, ಒಂದು ಮನೆಗೆ ಒಂದು ಅಕ್ಷರ. ಕನ್ನಡ ಹಾಗೆ ಕೂರುವ ಲಿಪಿಯಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಅದರಲ್ಲಿ ಯಾವುದಕ್ಕೆ ಮನೆ ಕೊಡಬೇಕು, ಯಾವುದಕ್ಕೆ ಬೇಡ ಅನ್ನುವುದರಲ್ಲಿ ಮಟ್ ಒಂದು ಲೆಕ್ಕ ಹಾಕುತ್ತದೆ, ಟರ್ಮಿನಲ್ ಇನ್ನೊಂದು. ಒತ್ತಕ್ಷರ ಪಕ್ಕದವರ ಮೇಲೆ ಬೀಳುತ್ತದೆ, ಕರ್ಸರ್ ಇರುವುದು ಒಂದು ಕಡೆ, ತೋರುವುದು ಇನ್ನೊಂದು ಕಡೆ. ನಾಲ್ಕು ಟರ್ಮಿನಲ್, ಏಳೆಂಟು ಫಾಂಟ್ ನೋಡಿದೆ. ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ, ಅಷ್ಟೇ.

ಸುಮ್ನೆ ಅಂದವಿಲ್ಲ ಅನ್ನುವಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹೋದ ನವೆಂಬರ್‌ನಲ್ಲಿ ಆದದ್ದು ಕೇಳಿ. ಪಟ್ಟಿಯಲ್ಲಿ ದಿನಾಂಕ, ಹೆಸರು, ಗಾತ್ರ ಹೋಗಿ ವಿಷಯದ ಸಾಲಿಗೆ ಉಳಿಯುವುದು ಸುಮಾರು 40 ಕಾಲಮ್. ಗುಣಿತದ ದೀರ್ಘ, ಕೊಂಬು ಕೂಡ ಒಂದೊಂದು ಮನೆ ಹಿಡಿಯುವುದರಿಂದ ಕನ್ನಡ ಬೇಗ ಮುಗಿದುಹೋಗುತ್ತದೆ. ದೊಡ್ಡಪ್ಪ ಬರೆದದ್ದು: ‘ಶನಿವಾರ ಮೇಲಿನ ತೋಟದ ಕೊನೆ ಕೊಯ್ಲಿಗೆ ಕೊನೆಗೌಡ ಬರುವುದಿಲ್ಲ’. ಕೊನೆ ಅಂದರೆ ಅಡಿಕೆ ಗೊನೆ, ಕೊನೆಗೌಡ ಅಂದರೆ ಮರ ಹತ್ತಿ ಅದನ್ನು ಕೊಯ್ಯುವವನು. ನನಗೆ ಕಂಡದ್ದು ‘ಬರುವು’ವರೆಗೆ. ಬರುತ್ತಾನೆ ಅಂದುಕೊಂಡೆ. ಸಾಲು ಓದಿದೆನಲ್ಲ, ಮತ್ತೇಕೆ ಅಂತ ಮೇಲ್ ತೆರೆಯಲೂ ಇಲ್ಲ.

ಇಂಗ್ಲಿಷಿನಲ್ಲಿ ಬಾಲ ಕತ್ತರಿಸಿದರೂ ಎಷ್ಟೋ ಸಲ ನಡೆಯುತ್ತದೆ, ‘ನೋ’ ಅನ್ನುವುದು ಮುಂದೆಯೇ ಬಂದಿರುತ್ತದೆ. ನಮ್ಮಲ್ಲಿ ಆಗುತ್ತೋ ಇಲ್ಲವೋ, ಬೇಕೋ ಬೇಡವೋ ಗೊತ್ತಾಗುವುದು ಕೊನೇ ಪದದಲ್ಲಿ. ಮಟ್ ಕತ್ತರಿಸಿದ್ದು ಸರಿಯಾಗಿ ಅದನ್ನೇ.

ಶನಿವಾರ ಕೊನೆ ಹೊರಲು ಇಬ್ಬರು ಬಂದರು. ಅಮ್ಮ ಐದು ಜನಕ್ಕೆ ಆಗುವಷ್ಟು ತೆಳ್ಳೇವು (ತೆಳು ದೋಸೆ) ಎರೆದರು. ಮರ ಹತ್ತುವವನು ಮಾತ್ರ ಇಲ್ಲ. ಬಂದವರಿಗೆ ಅರ್ಧ ದಿನದ ಕೂಲಿ ನನ್ನ ಜೇಬಿನಿಂದ. ಸಂಜೆ ಕಂಬದ ಹತ್ತಿರ ನಿಂತು ದೊಡ್ಡಪ್ಪನಿಗೆ ಫೋನ್ ಮಾಡಿದರೆ, “ಕನ್ನಡದಲ್ಲೇ ಬರೆದಿದ್ದೆನಲ್ಲೋ ಮಾರಾಯ, ಓದಲಿಕ್ಕೆ ಬರುವುದಿಲ್ಲವಾ ನಿಂಗೆ?” ಅಂದರು. ಏನಂತ ಹೇಳಲಿ ಅವರಿಗೆ?

ಬಿಟ್ಟೆನಾ? ಇಲ್ಲ. ಆಫೀಸಿನ ಮೇಲ್ ಎಲ್ಲ ಇಂಗ್ಲಿಷ್, ಅದಕ್ಕೆ ಈಗಲೂ ಮಟ್‌ನಷ್ಟು ಚುರುಕಾದದ್ದು ನನಗೆ ಸಿಕ್ಕಿಲ್ಲ. ‘ಎಲ್ಲ ಮೇಲ್ ಪ್ರೋಗ್ರಾಮ್‌ಗಳೂ ದರಿದ್ರ, ಇದು ಸ್ವಲ್ಪ ಕಡಿಮೆ ದರಿದ್ರ’ ಅನ್ನುವ ಅರ್ಥದ ಮಾತನ್ನು 1995ರಲ್ಲಿ ಇದನ್ನು ಶುರು ಮಾಡಿದ ಮೈಕೆಲ್ ಎಲ್ಕಿನ್ಸ್ ತಾವೇ ಹೇಳಿಕೊಂಡಿದ್ದಾರೆ, ಹಾಗಾಗಿ ಮೋಸ ಮಾಡಿದರು ಅನ್ನುವ ಹಾಗೂ ಇಲ್ಲ. ಕನ್ನಡದಲ್ಲಿ ಜಾಸ್ತಿ ಮೇಲ್ ಬರುವವರು ಮಾತ್ರ ಇದೊಂದನ್ನೇ ನಂಬಿ ಕೂರಬೇಡಿ. ದೊಡ್ಡಪ್ಪನ ಮೇಲ್‌ಗಳಿಗೆ ಈಗ ಕೆಂಪು ಬಣ್ಣ ಹಚ್ಚಿಟ್ಟಿದ್ದೇನೆ. ಕೆಂಪು ಕಂಡರೆ ಮೊಬೈಲ್ ತೆಗೆದು ಅದರಲ್ಲಿ ಓದುತ್ತೇನೆ, ಚಕ್ರ ಎಷ್ಟು ತಿರುಗಿದರೂ.

ಮೊಬೈಲಿನಲ್ಲಿ ಓದುತ್ತೇನೆ ಅಂತ ಹೇಳಿದರೂ ದೊಡ್ಡಪ್ಪನಿಗೆ ನಂಬಿಕೆ ಬಂದಿಲ್ಲ. ವಿಷಯದ ಸಾಲನ್ನೇ ಹಿಂದುಮುಂದು ಮಾಡಿ ಬರೆಯುತ್ತಿದ್ದಾರೆ. ಮೊನ್ನೆ ಬಂದದ್ದು ಹೀಗಿತ್ತು: ‘ಇಲ್ಲ. ಬುಧವಾರ ಗೊಬ್ಬರದ ಲಾರಿ ಬರುವುದು’.